ಪರ್ಸಿ ಸ್ಲೆಡ್ಜ್: ಪದೇ ಪದೇ ಕೇಳುವ ಪ್ರಶ್ನೆಗಳು

ಯಾರು ಈ ಪರ್ಸಿ ಸ್ಲೆಡ್ಜ್?

ಅಮೆರಿಕದ ಸೋಲ್ (ಅಲ್ಲಿನ ಕಪ್ಪು ಜನರ ಒಂದು ಸಂಗೀತ ಶೈಲಿ) ಗಾಯಕ. 1940ರ ನವೆಂಬರ್ 25ರಂದು ಅಲಬಾಮಾ ರಾಜ್ಯದ ಲೇಟನ್ ಅನ್ನೋ ಸಣ್ಣ ಊರಲ್ಲಿ ಹುಟ್ಟಿದರು. 2015ರ ಏಪ್ರಿಲ್ 14ರಂದು ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಲಿವರ್ ಕ್ಯಾನ್ಸರ್‌ನಿಂದ ತೀರಿಕೊಂಡರು. 1966ರಲ್ಲಿ ಬಂದ ‘ವೆನ್ ಎ ಮ್ಯಾನ್ ಲವ್ಸ್ ಎ ವುಮನ್’ ಹಾಡಿನಿಂದ ಜಗತ್ತಿಗೆಲ್ಲ ಗೊತ್ತಾದವರು. ಹೆಸರು ಗೊತ್ತಿಲ್ಲದವರೂ ಈ ಹಾಡನ್ನು ಎಲ್ಲಾದರೂ ಕೇಳಿಯೇ ಇರುತ್ತಾರೆ. ತೊಂದರೆ ಏನಂದ್ರೆ, ಅಲ್ಲಿಗೇ ನಿಂತುಬಿಡುತ್ತಾರೆ.

ಸೋಲ್ ಬ್ಯಾಲಡ್ ಅಂದ್ರೆ ಯಾವ ಥರದ ಹಾಡು?

ನಿಧಾನದ ಹಾಡು. ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ಚರ್ಚುಗಳಲ್ಲಿ ಹಾಡುತ್ತಿದ್ದ ಗಾಸ್ಪೆಲ್ ಶೈಲಿಯನ್ನು ಹಾಗೇ ತೆಗೆದುಕೊಂಡು, ದೇವರ ಜಾಗದಲ್ಲಿ ಪ್ರೀತಿಸಿದವರನ್ನು ಕೂರಿಸಿದರೆ ಹೆಚ್ಚುಕಡಿಮೆ ಸೋಲ್ ಬ್ಯಾಲಡ್ ಆಗುತ್ತೆ. ತಾಳ ಸಾಮಾನ್ಯವಾಗಿ ಒಂದೊಂದು ಬೀಟ್‌ಗೆ ಮೂರು ಮೂರಾಗಿ ಒಡೆಯುತ್ತೆ, ನಾವು ತಿಶ್ರ ನಡೆ ಅನ್ನುತ್ತೇವಲ್ಲ, ಆ ಲೆಕ್ಕ. ಹಿಂದೆ ಆರ್ಗನ್, ಮೇಲೆ ಟ್ರಂಪೆಟ್ಟು, ಸ್ಯಾಕ್ಸೊಫೋನು. ಗಾಯಕ ಮೆಲ್ಲಗೆ ಶುರು ಮಾಡಿ ಕೊನೆಗೆ ಗಂಟಲು ಬಿರಿಯುವಷ್ಟು ಏರುತ್ತಾನೆ.

ಓಟಿಸ್ ರೆಡ್ಡಿಂಗ್, ಜೇಮ್ಸ್ ಕಾರ್ ಎಲ್ಲ ಇಂಥ ಹಾಡು ಹಾಡಿದವರೇ. ಆದರೆ ಅವರಿಗೆ ಕುಣಿಸುವ ಹಾಡೂ ಬರುತ್ತಿತ್ತು. ಸ್ಲೆಡ್ಜ್ ವೇಗದ ಹಾಡು ಹಾಡಿಲ್ಲ ಅಂತಲ್ಲ, ಹಾಡಿದ್ದಾರೆ, ಆದರೆ ನೆನಪಲ್ಲಿ ಉಳಿಯುವುದಿಲ್ಲ. ನಿಧಾನವಾದ ತಕ್ಷಣ ಆ ದನಿಯೇ ಬೇರೆ.

ಆಸ್ಪತ್ರೆಯಲ್ಲಿ ವಾರ್ಡ್ ಬಾಯ್ ಆಗಿದ್ದರು ಅನ್ನೋದು ನಿಜವಾ?

ನಿಜ. ಚಿಕ್ಕಂದಿನಲ್ಲಿ ಹೊಲದಲ್ಲಿ ದುಡಿದರು. ಆಮೇಲೆ ಶೆಫೀಲ್ಡ್ ಊರಿನ ಕೋಲ್ಬರ್ಟ್ ಕೌಂಟಿ ಆಸ್ಪತ್ರೆಯಲ್ಲಿ ಕೆಲಸ. ವಾರವೆಲ್ಲ ಆಸ್ಪತ್ರೆ, ಶನಿವಾರ ಭಾನುವಾರ ಎಸ್ಕ್ವಯರ್ಸ್ ಕಾಂಬೊ ಅನ್ನೋ ಬ್ಯಾಂಡಿನ ಜೊತೆ ಹಾಡೋದು. ಅಲ್ಲಿ ಚಿಕಿತ್ಸೆಗೆ ಬಂದಿದ್ದ ಒಬ್ಬರು ಇವರನ್ನು ಕ್ವಿನ್ ಐವಿ ಅನ್ನುವವರಿಗೆ ಪರಿಚಯ ಮಾಡಿಸಿದರು. ಅದೃಷ್ಟ ಅಲ್ಲಿಂದ ಶುರುವಾಯಿತು ಅಂತ ಹೇಳಬಹುದು. ಅಂದಹಾಗೆ, 1964ರಲ್ಲಿ ‘ಸ್ಟೀಲ್ ಅವೇ’ ಹಾಡಿನಿಂದ ಹೆಸರು ಮಾಡಿದ ಜಿಮ್ಮಿ ಹ್ಯೂಸ್ ಇವರ ಕಸಿನ್. ಹಾಗಾಗಿ ಅದೇ ಸುತ್ತಿನ ಸ್ಟುಡಿಯೋ ಒಂದರಲ್ಲಿ ಹಾಡಿ ಮೇಲೆ ಬರಬಹುದು ಅನ್ನೋದಕ್ಕೆ ಮನೆಯಲ್ಲೇ ಒಂದು ಉದಾಹರಣೆ ಇತ್ತು.

ಆ ಹಾಡು ರೆಕಾರ್ಡ್ ಆಗಿದ್ದು ಹೇಗೆ?

ಈ ಕಥೆ ಸ್ವಲ್ಪ ಉದ್ದ, ಆದರೆ ಚೆನ್ನಾಗಿದೆ.

ಕ್ವಿನ್ ಐವಿ ದೊಡ್ಡ ಕುಳ ಏನಲ್ಲ. ಸ್ಥಳೀಯ ರೇಡಿಯೋದಲ್ಲಿ ಡಿಸ್ಕ್ ಜಾಕಿ. ಜೊತೆಗೆ ಶೆಫೀಲ್ಡ್‌ನಲ್ಲಿ ಟ್ಯೂನ್ ಟೌನ್ ಅಂತ ಒಂದು ರೆಕಾರ್ಡ್ ಅಂಗಡಿ ಇತ್ತು. ನೊರಾಲಾ ಅನ್ನೋ ಸಣ್ಣ ಸ್ಟುಡಿಯೋವನ್ನೂ ತೆರೆದಿದ್ದರು. ಪಕ್ಕದ ಮಸಲ್ ಶೋಲ್ಸ್‌ನಲ್ಲಿ ರಿಕ್ ಹಾಲ್ ಅವರ ಫೇಮ್ ಸ್ಟುಡಿಯೋ ಆಗಲೇ ಹೆಸರು ಮಾಡಿತ್ತು, ಅಲ್ಲಿ ಜಾಗ ಸಿಗದವರು ಐವಿ ಹತ್ತಿರ ಬರುತ್ತಿದ್ದರು.

1966ರ ಫೆಬ್ರವರಿಯಲ್ಲಿ ನೊರಾಲಾದಲ್ಲಿ ಈ ಹಾಡು ರೆಕಾರ್ಡ್ ಆಯಿತು. ಸ್ಪೂನರ್ ಓಲ್ಡ್‌ಹ್ಯಾಮ್ ಫಾರ್ಫಿಸಾ ಆರ್ಗನ್ ನುಡಿಸಿದರು. ಡ್ರಮ್ಸ್ ರೋಜರ್ ಹಾಕಿನ್ಸ್, ಬೇಸ್ ಜೂನಿಯರ್ ಲೋ, ಗಿಟಾರ್ ಮಾರ್ಲಿನ್ ಗ್ರೀನ್. ಐವಿ ಜೊತೆ ನಿರ್ಮಾಣದ ಹೊಣೆ ಹೊತ್ತವರೂ ಗ್ರೀನ್ ಅವರೇ. ಧ್ವನಿ ಹಿಡಿದ ಎಂಜಿನಿಯರ್ ಜಿಮ್ಮಿ ಜಾನ್ಸನ್. ಇವರೆಲ್ಲ ಆ ಸುತ್ತಿನ ಬಿಳಿ ಹುಡುಗರು, ಹಾಡಿದವರು ಕಪ್ಪು ಗಾಯಕ. 1966ರ ಅಲಬಾಮಾ ಅಂದ್ರೆ, ಕಪ್ಪು ಜನರ ಮತದಾನದ ಹಕ್ಕಿಗಾಗಿ ಸೆಲ್ಮಾದಲ್ಲಿ ಮೆರವಣಿಗೆ ಹೊರಟವರ ಮೇಲೆ ಪೊಲೀಸರು ಲಾಠಿ ಬೀಸಿ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಅಂಥ ರಾಜ್ಯದಲ್ಲಿ ಈ ಸಣ್ಣ ಕೋಣೆಯೊಳಗೆ ಇವರೆಲ್ಲ ಒಟ್ಟಿಗೆ ಕೂತು ಕೆಲಸ ಮಾಡಿದರು.

ರಿಕ್ ಹಾಲ್‌ಗೆ ಹಾಡು ಕೇಳಿಸಿದರು. ಅವರು ನ್ಯೂಯಾರ್ಕಿನಲ್ಲಿದ್ದ ಅಟ್ಲಾಂಟಿಕ್ ರೆಕಾರ್ಡ್ಸ್‌ನ ಜೆರ್ರಿ ವೆಕ್ಸ್‌ಲರ್‌ಗೆ ಫೋನ್ ಮಾಡಿ, ಇದು ನಂಬರ್ ಒನ್ ಆಗೋ ಹಾಡು ಅಂದರು. ಅಟ್ಲಾಂಟಿಕ್ ತೆಗೆದುಕೊಂಡಿತು. ಮೇ ಕೊನೆಯಲ್ಲಿ ಬಿಲ್‌ಬೋರ್ಡ್ ಪತ್ರಿಕೆಯ ಪಾಪ್ ಹಿಟ್ ಹಾಡುಗಳ ಪಟ್ಟಿಯಲ್ಲಿ ಒಂದನೇ ಸ್ಥಾನ, ಎರಡು ವಾರ. ಆರ್ ಅಂಡ್ ಬಿ, ಅಂದರೆ ರಿದಮ್ ಅಂಡ್ ಬ್ಲೂಸ್ ಅನ್ನೋ ಕಪ್ಪು ಜನರ ಸಂಗೀತದ ಪಟ್ಟಿಯಲ್ಲೂ ಒಂದನೇ ಸ್ಥಾನ. ಅಟ್ಲಾಂಟಿಕ್ ಕಂಪನಿಗೆ ಮೊದಲ ಗೋಲ್ಡ್ ರೆಕಾರ್ಡ್ ತಂದುಕೊಟ್ಟಿದ್ದು ಇದೇ ಹಾಡು. ರೇ ಚಾರ್ಲ್ಸ್ ಅಂಥವರು ಹಾಡಿ ಹೋಗಿದ್ದ ಕಂಪನಿ ಅದು, ನೆನಪಿರಲಿ.

ಅದರಲ್ಲಿ ಟ್ರಂಪೆಟ್ಟುಗಳು ಶ್ರುತಿ ತಪ್ಪಿವೆ ಅಂತಾರೆ?

ತಪ್ಪಿವೆ. ಒಳ್ಳೆ ಹೆಡ್‌ಫೋನ್ ಹಾಕಿಕೊಂಡು ಕೊನೆಯ ಭಾಗ ಕೇಳಿ, ಗೊತ್ತಾಗುತ್ತೆ. ವೆಕ್ಸ್‌ಲರ್‌ಗೂ ಗೊತ್ತಾಗಿ, ಊದುವ ವಾದ್ಯಗಳನ್ನು ಮತ್ತೆ ನುಡಿಸಿ ಕಳಿಸಿ ಅಂದಿದ್ದರು. ಇವರು ಬೇರೆ ವಾದಕರನ್ನು ಕರೆಸಿ ಸರಿಯಾಗಿ ನುಡಿಸಿ ಟೇಪ್ ಕಳಿಸಿದರು ಕೂಡ. ಆದರೆ ಟೇಪುಗಳು ಅದಲು ಬದಲಾಗಿ ಅಟ್ಲಾಂಟಿಕ್‌ನವರು ಹಳೆಯದನ್ನೇ ಬಿಡುಗಡೆ ಮಾಡಿಬಿಟ್ಟರು ಅಂತ ಮಸಲ್ ಶೋಲ್ಸ್ ವಾದಕ ಡೇವಿಡ್ ಹುಡ್ ಹೇಳುತ್ತಾರೆ. ಜಗತ್ತು ಕೇಳಿದ್ದು, ಇವತ್ತಿಗೂ ಕೇಳುತ್ತಿರುವುದು ಆ ಶ್ರುತಿ ತಪ್ಪಿದ್ದನ್ನೇ. ನನ್ನ ಪ್ರಕಾರ ಇದರಿಂದ ಹಾಡಿಗೆ ನಷ್ಟ ಆಗಿಲ್ಲ. ಹಾಡುವವನೇ ಪ್ರೀತಿಯಲ್ಲಿ ತಲೆ ಕೆಡಿಸಿಕೊಂಡು ಕೂತಿದ್ದಾನೆ, ಹಿಂದಿನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಂತೆ ನೀಟಾಗಿ ನುಡಿಸಿದ್ದರೆ ಏನು ಚೆಂದ?

ಅಂಥದ್ದೇನಿದೆ ಈ ಹಾಡಿನಲ್ಲಿ?

ಮೊದಲನೆಯದು, ಇದಕ್ಕೆ ಪಲ್ಲವಿಯೇ ಇಲ್ಲ. ನಮ್ಮ ಸಿನಿಮಾ ಹಾಡುಗಳ ಹಾಗೆ ಚರಣ ಮುಗಿಸಿ ಪಲ್ಲವಿಗೆ ಬರುವ ಕಟ್ಟು ಅಲ್ಲ. ಬರೀ ಚರಣಗಳು, ಒಂದರ ಮೇಲೆ ಒಂದು, ಹಾಡಿನ ಹೆಸರು ಚರಣದ ಶುರುವಿನಲ್ಲೇ ಬರುತ್ತೆ. ಹಿಂದೆ ಬೇಸ್ ಸ್ವರ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾ ಹೋಗುತ್ತೆ. ಅದು ಇಳಿಯುವಾಗ ಸ್ಲೆಡ್ಜ್ ದನಿ ಏರುತ್ತೆ. ಇಡೀ ಹಾಡು ಈ ಎಳೆದಾಟದಲ್ಲೇ ನಿಂತಿದೆ. ಮೂರು ನಿಮಿಷಕ್ಕೂ ಕಡಿಮೆ, ಆದರೆ ಯಾರೂ ಅಷ್ಟು ಚಿಕ್ಕದು ಅಂದುಕೊಳ್ಳುವುದಿಲ್ಲ.

ಎರಡನೆಯದು, ಹಾಡಿನ ಮಾತು ಪ್ರೀತಿಯನ್ನು ಹೊಗಳೋದಕ್ಕಿಂತ ಅದರ ಕುರುಡುತನದ ಬಗ್ಗೆ ಜಾಸ್ತಿ ಹೇಳುತ್ತೆ. ಕೈಯಲ್ಲಿರೋ ಕಾಸೆಲ್ಲ ಖರ್ಚು ಮಾಡುವವನು, ಅವಳ ಬಗ್ಗೆ ಒಂದು ಮಾತಾಡಿದರೆ ಆಪ್ತ ಸ್ನೇಹಿತನಿಗೇ ಬೆನ್ನು ತಿರುಗಿಸುವವನು, ಮಳೆಯಲ್ಲಿ ಮಲಗೋದಕ್ಕೂ ರೆಡಿ ಇರುವವನು. ಮದುವೆ ಮನೆಗಳಲ್ಲಿ ಇದನ್ನು ಹಾಕುತ್ತಾರಲ್ಲ, ಯಾರಾದರೂ ಸಾಹಿತ್ಯ ಗಮನಿಸಿದ್ದಾರಾ ಅಂತ ನನಗೆ ಯಾವಾಗಲೂ ಅನುಮಾನ.

ಹಾಡು ಬರೆದವರು ಯಾರು? ಸ್ಲೆಡ್ಜ್‌ಗೆ ದುಡ್ಡು ಬರಲಿಲ್ಲ ಅಂತಾರಲ್ಲ?

ಕಾಗದದ ಮೇಲೆ ಬರೆದವರು ಕ್ಯಾಲ್ವಿನ್ ಲೂಯಿಸ್ ಮತ್ತು ಆಂಡ್ರ್ಯೂ ರೈಟ್, ಇಬ್ಬರೂ ಎಸ್ಕ್ವಯರ್ಸ್ ಬ್ಯಾಂಡಿನವರು, ಒಬ್ಬರು ಬೇಸ್, ಇನ್ನೊಬ್ಬರು ಆರ್ಗನ್. ಸ್ಲೆಡ್ಜ್ ಹೇಳಿದ ಕಥೆ ಬೇರೆ. ಆ ಧಾಟಿ ತಾನು ಮೊದಲಿಂದ ಗುನುಗುತ್ತಿದ್ದದ್ದು, ಹುಡುಗಿ ಬಿಟ್ಟು ಹೋದ ಬೇಸರದಲ್ಲಿ ಅದು ಹಾಡಾಯಿತು, ಮೊದಲು ‘ಯಾಕೆ ಬಿಟ್ಟು ಹೋದೆ’ ಅನ್ನೋ ಅರ್ಥದ ಬೇರೆ ಸಾಲು ಇತ್ತು, ಲೂಯಿಸ್ ಮತ್ತು ರೈಟ್ ನೆರವಾದರು ಅಂತ ಹಕ್ಕನ್ನು ಪೂರ್ತಿಯಾಗಿ ಅವರಿಗೇ ಕೊಟ್ಟುಬಿಟ್ಟೆ ಅಂತ ಮುಂದೆ ಎಷ್ಟೋ ಸಲ ಹೇಳಿಕೊಂಡರು. ಹಾಗೆ ಕೊಟ್ಟಿದ್ದಕ್ಕೆ ನೊಂದುಕೊಂಡಿದ್ದೂ ಉಂಟು.

ಇದರ ಹಣದ ಲೆಕ್ಕ ಗೊತ್ತಾಗಬೇಕಾದರೆ ಒಂದು ವಿಷಯ ತಿಳಿದಿರಬೇಕು. ಅಮೆರಿಕದಲ್ಲಿ ಮಾಮೂಲಿ ಎಎಂ, ಎಫ್‌ಎಂ ರೇಡಿಯೋದಲ್ಲಿ ಹಾಡು ಹಾಕಿದರೆ ದುಡ್ಡು ಹೋಗುವುದು ಬರೆದವರಿಗೆ ಮತ್ತು ಪ್ರಕಾಶಕರಿಗೆ. ಹಾಡಿದವರಿಗೆ ಏನೂ ಇಲ್ಲ. ಅಂದರೆ 1966ರಿಂದ ಇವತ್ತಿನವರೆಗೆ ಆ ದನಿ ಆ ದೇಶದ ರೇಡಿಯೋದಲ್ಲಿ ಕೇಳಿಸಿದ ಒಂದೊಂದು ಸಲವೂ ಅದರ ರಾಯಲ್ಟಿ ಬೇರೆಯವರಿಗೆ. ಬೇರೆ ಗಾಯಕರು ಅದನ್ನೇ ಮತ್ತೆ ಹಾಡಿದರೂ ಅಷ್ಟೇ, ಬರೆದವರಿಗೆ ಮಾತ್ರ. ಸ್ಲೆಡ್ಜ್‌ಗೆ ಬರುತ್ತಿದ್ದದ್ದು ರೆಕಾರ್ಡ್ ಮಾರಾಟದ ಪಾಲು ಮತ್ತು ವೇದಿಕೆ ಕಾರ್ಯಕ್ರಮದ ಸಂಭಾವನೆ. ಇಳಿ ವಯಸ್ಸಿನಲ್ಲೂ ಊರೂರು ತಿರುಗಿ ಹಾಡುತ್ತಿದ್ದರು ಅನ್ನುವಾಗ ಇದೂ ನೆನಪಿರಲಿ. ಲೂಯಿಸ್, ರೈಟ್ ಮೋಸಗಾರರು ಅಂತ ಹೇಳೋದು ನನ್ನ ಉದ್ದೇಶ ಅಲ್ಲ. ಆ ಕೋಣೆಯಲ್ಲಿ ಯಾರು ಎಷ್ಟು ಕಟ್ಟಿದರು ಅನ್ನೋದು ಹೊರಗಿನವರು ತೀರ್ಮಾನ ಮಾಡೋ ವಿಷಯ ಅಲ್ಲ.

ಮಸಲ್ ಶೋಲ್ಸ್ ಅಂತ ಅಷ್ಟೊಂದು ಹೇಳ್ತಾರಲ್ಲ, ಏನದು?

ಟೆನ್ನೆಸ್ಸಿ ನದಿ ದಂಡೆಯ ಒಂದು ಊರು. ಫ್ಲಾರೆನ್ಸ್, ಶೆಫೀಲ್ಡ್, ಟಸ್ಕಂಬಿಯಾ, ಮಸಲ್ ಶೋಲ್ಸ್, ನಾಲ್ಕೂ ಅಕ್ಕಪಕ್ಕದ ಊರುಗಳು, ಒಟ್ಟಿಗೆ ಸೇರಿಸಿ ಸಂಗೀತದವರು ಮಸಲ್ ಶೋಲ್ಸ್ ಅನ್ನುತ್ತಾರೆ. ಅಲ್ಲಿಂದ ಬಂದ ಮೊದಲ ನಂಬರ್ ಒನ್ ಹಾಡು ಸ್ಲೆಡ್ಜ್ ಅವರದು. ಅದಾದ ಮೇಲೆ ವೆಕ್ಸ್‌ಲರ್ ತಮ್ಮ ಗಾಯಕರನ್ನು ಅಲ್ಲಿಗೆ ಕರೆತರೋಕೆ ಶುರು ಮಾಡಿದರು. 1966ರಲ್ಲೇ ವಿಲ್ಸನ್ ಪಿಕೆಟ್, 1967ರ ಜನವರಿಯಲ್ಲಿ ಅರೀಥಾ ಫ್ರಾಂಕ್ಲಿನ್. 1969ರಲ್ಲಿ ಹಾಕಿನ್ಸ್, ಜಾನ್ಸನ್, ಡೇವಿಡ್ ಹುಡ್, ಬ್ಯಾರಿ ಬೆಕೆಟ್ ಸೇರಿ ಸ್ವಂತ ಸ್ಟುಡಿಯೋ ಮಾಡಿಕೊಂಡರು, ಅಲ್ಲಿಗೆ ರೋಲಿಂಗ್ ಸ್ಟೋನ್ಸ್ ತಂಡದವರೂ ಬಂದು ಹಾಡಿ ಹೋದರು. ಈ ದಾರಿ ತೆರೆದಿದ್ದು ಒಬ್ಬ ವಾರ್ಡ್ ಬಾಯ್‌ನ ಹಾಡು.

ಒಂದೇ ಹಾಡಿನ ಗಾಯಕ ಅಲ್ವಾ ಅವರು?

ಅಲ್ಲ, ಅಲ್ಲ, ಅಲ್ಲ. ಈ ಪ್ರಶ್ನೆಗೆ ಉತ್ತರ ಕೊಡೋಕೇ ಇದೆಲ್ಲ ಬರೆದಿದ್ದು.

ಅದೇ 1966ರಲ್ಲಿ ‘ವಾರ್ಮ್ ಅಂಡ್ ಟೆಂಡರ್ ಲವ್’ ಬಂತು, ಪಾಪ್ ಪಟ್ಟಿಯಲ್ಲಿ 17, ಆರ್ ಅಂಡ್ ಬಿಯಲ್ಲಿ 5. ಹಿಂದೆಯೇ ‘ಇಟ್ ಟೇರ್ಸ್ ಮಿ ಅಪ್’, ಪಾಪ್‌ನಲ್ಲಿ 20, ಆರ್ ಅಂಡ್ ಬಿಯಲ್ಲಿ 7. 1968ರಲ್ಲಿ ‘ಟೇಕ್ ಟೈಮ್ ಟು ನೋ ಹರ್’, ಪಾಪ್‌ನಲ್ಲಿ 11, ಆರ್ ಅಂಡ್ ಬಿಯಲ್ಲಿ 6. ಒಂದೇ ಹಾಡಿನವರಿಗೆ ಇಂಥ ಲೆಕ್ಕ ಇರುತ್ತಾ?

ಲೆಕ್ಕ ಬಿಡಿ, ಹಾಡಿಗೆ ಬರೋಣ. ‘ಇಟ್ ಟೇರ್ಸ್ ಮಿ ಅಪ್’ ಬರೆದವರು ಡ್ಯಾನ್ ಪೆನ್ ಮತ್ತು ಸ್ಪೂನರ್ ಓಲ್ಡ್‌ಹ್ಯಾಮ್. ತನ್ನವಳು ಇನ್ನೊಬ್ಬನ ಜೊತೆ ಹೋಗೋದನ್ನು ನಿಂತು ನೋಡುವವನ ಹಾಡು. ಬೇರೆ ಗಾಯಕ ಆಗಿದ್ದರೆ ಸಿಟ್ಟು ತೋರಿಸುತ್ತಿದ್ದ. ಸ್ಲೆಡ್ಜ್ ದನಿಯಲ್ಲಿ ಸಿಟ್ಟೇ ಇಲ್ಲ, ಬರೀ ಸೋತವನ ದನಿ. ಇದೇ ಜೋಡಿ ಬರೆದ ‘ಔಟ್ ಆಫ್ ಲೆಫ್ಟ್ ಫೀಲ್ಡ್’ 1967ರದ್ದು. ನನ್ನನ್ನು ಕೇಳಿದರೆ ಅವರ ಅತ್ಯುತ್ತಮ ರೆಕಾರ್ಡಿಂಗ್ ಇದೇ, ಆ ಫೇಮಸ್ ಹಾಡಿಗಿಂತಲೂ ಒಂದು ಕೈ ಮೇಲೆ. ಪ್ರೀತಿ ಎಲ್ಲಿಂದಲೋ ಬಂದು ಆಶ್ಚರ್ಯಪಡಿಸಿದ ಖುಷಿಯ ಹಾಡು, ಆದರೆ ಹಾಡುವಾಗ ಆ ಖುಷಿಯನ್ನು ಪೂರ್ತಿ ನಂಬೋಕೆ ಇವರಿಗೆ ಧೈರ್ಯ ಸಾಲುತ್ತಿಲ್ಲವೇನೋ ಅನ್ನಿಸುತ್ತೆ. ‘ಕವರ್ ಮಿ’ ಕೇಳಿ, ಅದು ಮಾರ್ಲಿನ್ ಗ್ರೀನ್ ಮತ್ತು ಎಡ್ಡಿ ಹಿಂಟನ್ ಬರೆದದ್ದು. ಗುಟ್ಟಾಗಿ ಭೇಟಿಯಾಗುವ ಪ್ರೇಮಿಗಳ ‘ಡಾರ್ಕ್ ಎಂಡ್ ಆಫ್ ದಿ ಸ್ಟ್ರೀಟ್’ ಹಾಡನ್ನೂ ಹಾಡಿದ್ದಾರೆ. ಅದನ್ನು ಮಾತ್ರ ಮೊದಲು ಹಾಡಿದ ಜೇಮ್ಸ್ ಕಾರ್‌ರಿಂದ ಕಿತ್ತುಕೊಳ್ಳೋಕೆ ಯಾರಿಗೂ ಆಗಲಿಲ್ಲ, ಸ್ಲೆಡ್ಜ್‌ಗೂ ಆಗಲಿಲ್ಲ.

‘ಟೇಕ್ ಟೈಮ್ ಟು ನೋ ಹರ್’ ಬೇರೆ ಥರ. ಅದು ಕಥೆ ಹೇಳುವ ಹಾಡು. ಹುಡುಗ ಮದುವೆ ಆಗಬೇಕು ಅಂತಾನೆ, ಅಮ್ಮ ಅವಸರ ಬೇಡ ಕಣೋ, ಅವಳನ್ನು ಸರಿಯಾಗಿ ತಿಳಿದುಕೋ ಅಂತಾಳೆ. ಮಗ ಕೇಳಲ್ಲ. ಮುಂದೇನಾಗುತ್ತೆ ಅಂತ ನೀವೇ ಊಹಿಸಬಹುದು. ಕಪ್ಪು ಜನರ ಸೋಲ್‌ಗಿಂತ ಬಿಳಿಯರ ಕಂಟ್ರಿ ಸಂಗೀತಕ್ಕೆ ಹತ್ತಿರದ ಕಟ್ಟು ಅದು. ಕಂಟ್ರಿ ಸೋಲ್ ಅಂತ ಒಂದು ಹೆಸರಿದೆಯಲ್ಲ, ಅದಕ್ಕೆ ಸ್ಲೆಡ್ಜ್‌ಗಿಂತ ಒಳ್ಳೆ ಉದಾಹರಣೆ ಸಿಗೋದು ಕಷ್ಟ.

ಮೈಕಲ್ ಬೋಲ್ಟನ್ ಹಾಡು ಅಲ್ವಾ ಅದು?

ನಮ್ಮಲ್ಲಿ ಕೇಬಲ್ ಟಿವಿ ಕಾಲದಲ್ಲಿ ಬೆಳೆದವರು ಹೀಗೆ ಕೇಳುವುದು ಸಹಜ. ಬೋಲ್ಟನ್ 1991ರಲ್ಲಿ ಹಾಡಿದರು. ಅದೂ ಅಮೆರಿಕದಲ್ಲಿ ನಂಬರ್ ಒನ್ ಆಯಿತು, ಗ್ರಾಮಿ ಕೂಡ ಬಂತು. ಅದಕ್ಕೂ ಮೊದಲು 1979ರಲ್ಲಿ ‘ದಿ ರೋಸ್’ ಸಿನಿಮಾದಲ್ಲಿ ಬೆಟ್ ಮಿಡ್ಲರ್ ಹಾಡಿದ್ದರು. ಬೋಲ್ಟನ್‌ಗೆ ದನಿ ಇದೆ, ಶಕ್ತಿ ಇದೆ, ಆದರೆ ಮೊದಲ ಸಾಲಿನಿಂದಲೇ ಕೂಗೋಕೆ ಶುರು ಮಾಡಿದರೆ ಮುಂದೆ ಏರೋಕೆ ಜಾಗ ಎಲ್ಲಿರುತ್ತೆ? ಎರಡನ್ನೂ ಒಂದಾದ ಮೇಲೆ ಒಂದು ಕೇಳಿ ನೋಡಿ.

ಸಿಸ್ಟರ್ ಸ್ಲೆಡ್ಜ್ ಇವರ ಸಂಬಂಧಿಕರಾ?

ಅಲ್ಲ. ಅವರು ಫಿಲಡೆಲ್ಫಿಯಾದ ಅಕ್ಕತಂಗಿಯರು. ಅಡ್ಡಹೆಸರು ಒಂದೇ, ಅಷ್ಟೇ.

ದಕ್ಷಿಣ ಆಫ್ರಿಕಾಕ್ಕೆ ಹೋಗಿದ್ದರಂತೆ?

1970ರಲ್ಲಿ ಹೋಗಿದ್ದರು. ಅಲ್ಲಿ ಇವರ ಹಾಡುಗಳಿಗೆ ಹುಚ್ಚು ಅಭಿಮಾನಿಗಳಿದ್ದರು, ಆ ಪ್ರವಾಸದ ಮೇಲೆ ‘ಸೋಲ್ ಆಫ್ರಿಕಾ’ ಅಂತ ಒಂದು ಚಿತ್ರವೇ ಬಂತು. ಆದರೆ ಅದು ವರ್ಣಭೇದ ಕಾನೂನು ಜಾರಿಯಲ್ಲಿದ್ದ ಕಾಲ. ಆ ಸರ್ಕಾರದ ಜೊತೆ ಸಾಂಸ್ಕೃತಿಕ ಸಂಬಂಧ ಬೇಡ ಅಂತ ವಿಶ್ವಸಂಸ್ಥೆ 1968ರಲ್ಲೇ ಕೇಳಿಕೊಂಡಿತ್ತು. ಹಾಗಾಗಿ ಇದನ್ನು ಬರೀ ಯಶಸ್ಸಿನ ಕಥೆಯಾಗಿ ಹೇಳೋಕೆ ನನಗೆ ಮನಸ್ಸು ಬರಲ್ಲ. ಆದರೆ ಇವರ ದನಿ ಕೇಳಬೇಕು ಅಂತ ಅಲ್ಲಿನ ಕಪ್ಪು ಜನ ಕಾಯುತ್ತಿದ್ದದ್ದೂ ಸುಳ್ಳಲ್ಲ.

1968ರ ನಂತರ ಏನಾಯ್ತು?

ಕಾಲ ಬದಲಾಯಿತು. 1970ರ ದಶಕಕ್ಕೆ ಬರುವಷ್ಟರಲ್ಲಿ ಜನ ಫಂಕ್ ಕಡೆ, ಆಮೇಲೆ ಡಿಸ್ಕೊ ಕಡೆ ಹೊರಟರು. ಆಳದ ನಿಧಾನದ ಹಾಡಿಗೆ ಅಮೆರಿಕದ ಪಟ್ಟಿಗಳಲ್ಲಿ ಜಾಗ ಕಡಿಮೆಯಾಯಿತು. ‘ಮೈ ಸ್ಪೆಷಲ್ ಪ್ರೇಯರ್’ ತವರಲ್ಲಿ ಅಷ್ಟಕ್ಕಷ್ಟೇ ಆದರೂ ನೆದರ್‌ಲ್ಯಾಂಡ್ಸ್‌ನಲ್ಲಿ ದೊಡ್ಡ ಹಿಟ್. 1974ರಲ್ಲಿ ಕ್ಯಾಪ್ರಿಕಾರ್ನ್ ಕಂಪನಿಗೆ ‘ಐಲ್ ಬಿ ಯುವರ್ ಎವ್ರಿಥಿಂಗ್’ ಹಾಡಿದರು, ಆರ್ ಅಂಡ್ ಬಿಯಲ್ಲಿ 15ರವರೆಗೆ ಹೋಯಿತು. ಕ್ಯಾಪ್ರಿಕಾರ್ನ್ ನಡೆಸುತ್ತಿದ್ದ ಫಿಲ್ ವಾಲ್ಡನ್ ಹಿಂದೆ ಓಟಿಸ್ ರೆಡ್ಡಿಂಗ್ ಮ್ಯಾನೇಜರ್, ಸ್ಲೆಡ್ಜ್ ಕೆಲಸವನ್ನೂ ನೋಡಿಕೊಂಡಿದ್ದರು. ಆಮೇಲೆ ಬಹಳ ವರ್ಷ ವೇದಿಕೆ, ಮತ್ತೆ ವೇದಿಕೆ.

ಮತ್ತೆ ಹೆಸರು ಬಂದಿದ್ದು ಜಾಹೀರಾತಿನಿಂದ ಅಂತ ಕೇಳಿದ್ದೆ?

ಹೌದು, ಜೀನ್ಸ್ ಪ್ಯಾಂಟಿನ ಜಾಹೀರಾತು! 1980ರ ದಶಕದ ನಡುವಿನಿಂದ ಬ್ರಿಟನ್ನಿನಲ್ಲಿ ಲಿವೈಸ್ ಜಾಹೀರಾತುಗಳಲ್ಲಿ ಹಳೆಯ ಸೋಲ್ ಹಾಡುಗಳು ಬರುತ್ತಿದ್ದವು. ಅದರ ಜೋರಿನಲ್ಲಿ 1987ರಲ್ಲಿ ಅಲ್ಲಿನ ಪಟ್ಟಿಯಲ್ಲಿ ಬೆನ್ ಇ ಕಿಂಗ್ ಅವರ ‘ಸ್ಟ್ಯಾಂಡ್ ಬೈ ಮಿ’ ಒಂದನೇ ಸ್ಥಾನಕ್ಕೂ ಸ್ಲೆಡ್ಜ್ ಹಾಡು ಎರಡನೇ ಸ್ಥಾನಕ್ಕೂ ಬಂದವು. 1966ರಲ್ಲಿ ಹೊಸತಾಗಿ ಬಂದಾಗ ಅಲ್ಲಿ ಸಿಕ್ಕಿದ್ದು ನಾಲ್ಕನೇ ಸ್ಥಾನ, 21 ವರ್ಷ ಹಳೆಯದಾದ ಮೇಲೆ ಎರಡು! ಸಿನಿಮಾಗಳೂ ಕೈ ಹಿಡಿದವು. ‘ಪ್ಲಟೂನ್’, ‘ದಿ ಕ್ರೈಯಿಂಗ್ ಗೇಮ್’ ಎರಡರಲ್ಲೂ ಹಾಡು ಇದೆ.

1994ರ ‘ಬ್ಲೂ ನೈಟ್’ ಆಲ್ಬಮ್ ಮಾತ್ರ ಹಳೇ ಹೆಸರಿನ ಮೇಲೆ ಮಾಡಿದ್ದಲ್ಲ, ನಿಜವಾಗಿ ಒಳ್ಳೆಯದು. ಸ್ಟೀವ್ ಕ್ರಾಪರ್, ಬಾಬಿ ವೊಮ್ಯಾಕ್, ಮಿಕ್ ಟೇಲರ್ ಅಂಥ ಹೆಸರಾಂತ ಗಿಟಾರ್ ವಾದಕರು ಜೊತೆಗಿದ್ದಾರೆ. ಗ್ರಾಮಿಗೆ ನಾಮನಿರ್ದೇಶನ ಆಯಿತು, 1996ರಲ್ಲಿ ಬ್ಲೂಸ್ ಸಂಗೀತಕ್ಕೆ ಕೊಡುವ ಡಬ್ಲ್ಯು ಸಿ ಹ್ಯಾಂಡಿ ಪ್ರಶಸ್ತಿ ಬಂತು. ವಯಸ್ಸಾದ ಮೇಲೆ ದನಿಗೆ ಸ್ವಲ್ಪ ಒರಟುತನ ಬಂದಿದೆ, ಅದು ಹಾಡುಗಳಿಗೆ ಒಗ್ಗಿದೆ. 2004ರಲ್ಲಿ ‘ಶೈನಿಂಗ್ ಥ್ರೂ ದಿ ರೇನ್’, 2013ರಲ್ಲಿ ಗಾಸ್ಪೆಲ್ ಹಾಡುಗಳ ಒಂದು ಆಲ್ಬಮ್.

ಪ್ರಶಸ್ತಿಗಳು?

1989ರಲ್ಲಿ ರಿದಮ್ ಅಂಡ್ ಬ್ಲೂಸ್ ಫೌಂಡೇಶನ್ ಗೌರವ. 2005ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್, ಅಲ್ಲಿ ಪರಿಚಯಿಸಿದವರು ಗಾಯಕ ರಾಡ್ ಸ್ಟುವರ್ಟ್. 2007ರಲ್ಲಿ ಲೂಸಿಯಾನಾ ಸಂಗೀತದ ಹಾಲ್ ಆಫ್ ಫೇಮ್.

ಈಗ ಕೇಳೋದಾದ್ರೆ ಎಲ್ಲಿಂದ ಶುರು ಮಾಡಲಿ?

ಅಟ್ಲಾಂಟಿಕ್ ಕಾಲದ ಹಾಡುಗಳಿಂದ, ಅಂದರೆ 1966ರಿಂದ 1969ರವರೆಗಿನವು. ಒಂದೇ ಆಲ್ಬಮ್ ಸಾಕು ಅನ್ನುವವರಿಗೆ ರೈನೊ ಕಂಪನಿ 1992ರಲ್ಲಿ ತಂದ ‘ಇಟ್ ಟೇರ್ಸ್ ಮಿ ಅಪ್’ ಅನ್ನೋ ಆಯ್ಕೆ. ಪೂರ್ತಿ ಆಲ್ಬಮ್ ಕೇಳೋ ಅಭ್ಯಾಸ ಇದ್ದರೆ 1967ರ ‘ದಿ ಪರ್ಸಿ ಸ್ಲೆಡ್ಜ್ ವೇ’. ಬೇರೆಯವರ ಹಾಡುಗಳೇ ಜಾಸ್ತಿ ಇದ್ದರೂ ದನಿ ಆಗ ಉತ್ತುಂಗದಲ್ಲಿತ್ತು.

ಒಂದು ಎಚ್ಚರಿಕೆ. ಆನ್‌ಲೈನಿನಲ್ಲಿ ಹುಡುಕಿದರೆ ಒಂದೇ ಹಾಡಿನ ಹತ್ತಾರು ಆವೃತ್ತಿ ಬರುತ್ತವೆ. ಸ್ಲೆಡ್ಜ್ ತಮ್ಮ ಹಿಟ್‌ಗಳನ್ನು ಮುಂದೆ ಬೇರೆ ಬೇರೆ ಕಂಪನಿಗಳಿಗೆ ಮತ್ತೆ ಮತ್ತೆ ಹಾಡಿಕೊಟ್ಟಿದ್ದಾರೆ, ‘ಗ್ರೇಟೆಸ್ಟ್ ಹಿಟ್ಸ್’ ಅಂತ ಅಗ್ಗದ ಕಲೆಕ್ಷನ್‌ಗಳಲ್ಲಿ ತುಂಬಿರೋದು ಎಷ್ಟೋ ಸಲ ಅವೇ. ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ ‘ರೀ-ರೆಕಾರ್ಡೆಡ್’ ಅಂತ ಇದೆಯಾ ನೋಡಿ. ಇದ್ದರೆ ಬಿಟ್ಟುಬಿಡಿ, ಅಟ್ಲಾಂಟಿಕ್ ಅಥವಾ ರೈನೊ ಹೆಸರಿರೋದನ್ನು ಒತ್ತಿ. ಆದರೂ ಡೌಟ್ ಬಂದರೆ ಕೊನೆಯ ಟ್ರಂಪೆಟ್ಟು ಕೇಳಿ. ನೀಟಾಗಿ ಶ್ರುತಿಯಲ್ಲಿದ್ದರೆ ಅದು ಅಸಲಿ ಅಲ್ಲ.